ಕತೆ ಎಲ್ಲಿಂದ ಶುರು ಮಾಡ್ತೀರಿ?

ಬೆಂಗಳೂರಲ್ಲಿ ಯಾರಾದ್ರೂ "ನಿಮ್ಮೂರು ಯಾವ್ದು?" ಅಂತ ಕೇಳಿದಾಗ ಅಂಜನಾಪುರ ಅಂದ್ರೆ, "ಓ, ಕನಕಪುರ ರೋಡ್ ಕಡೆ ಅಲ್ವಾ? ಮೆಟ್ರೋ ಬೇರೆ ಬಂತು, ಪುಣ್ಯವಂತ್ರು ಬಿಡಿ" ಅಂತಾರೆ. ಆ ಅಂಜನಾಪುರ ಅಲ್ಲ ಸ್ವಾಮಿ. ನಮ್ಮದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ, ಕುಮುದ್ವತಿ ಹೊಳೆಗೆ ಕಟ್ಟಿದ ಡ್ಯಾಮ್ ಇರೋ ಊರು. ಮಳೆಗಾಲದಲ್ಲಿ ಡ್ಯಾಮ್ ತುಂಬಿ ಕೋಡಿ ಬಿದ್ರೆ ಸುತ್ತಮುತ್ತಲ ಊರಿನವರು ನೋಡೋಕೆ ಬರ್ತಾರೆ. ಇಷ್ಟು ಹೇಳಿದ್ರೂ ಎದುರಿಗಿರೋರ ಮುಖದಲ್ಲಿ ಏನೂ ಹೊಳೆಯದಿದ್ದರೆ ನನ್ನ ಹತ್ರ ಕೊನೆಯ ಅಸ್ತ್ರ ಒಂದಿದೆ: "ಅಕ್ಕಮಹಾದೇವಿ ಹುಟ್ಟಿದ ಉಡುತಡಿ, ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ, ಎರಡೂ ನಮ್ಮ ತಾಲ್ಲೂಕೇ." ಅಲ್ಲಿಗೆ ಮಾತು ಮುಗಿಯುತ್ತೆ. ಒಂದೇ ತಾಲ್ಲೂಕಿಗೆ ಇಬ್ಬರು ಅಂಥ ನಾಯಕ ನಾಯಕಿ ಅಂದ್ರೆ ಸುಮ್ಮನೆ ಅಲ್ಲ.

ಈ ಜಂಬ ಇತ್ತೇ ಹೊರತು, ಆ ಇಬ್ಬರ ಕತೆಯನ್ನ ಕತೆಯಾಗಿ ನಾನು ಯಾವತ್ತೂ ಗಮನ ಕೊಟ್ಟು ಓದಿರಲಿಲ್ಲ. ಓದಿಸಿದ್ದು ಒಂದು ವೀಕೆಂಡ್ ಸ್ಕ್ರಿಪ್ಟ್ ರೈಟಿಂಗ್ ಕ್ಲಾಸು. ಐಟಿಯಲ್ಲಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಕಿರುಚಿತ್ರ ಮಾಡಬೇಕು ಅನ್ನೋ ಜ್ವರ ಬರುತ್ತಲ್ಲ, ನನಗೂ ಬಂದಿತ್ತು. ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಇಷ್ಟು: ಮೂರು ಅಂಕ, ಇಷ್ಟನೇ ಪುಟಕ್ಕೆ ತಿರುವು, ಇಂಟರ್‌ವಲ್‌ಗೆ ಒಂದು ಹೊಡೆತ, ಕೊನೆಗೆ ಮುಕ್ತಾಯ. ಇವೆಲ್ಲ ಸುಳ್ಳಲ್ಲ. ಆದರೆ ತಂತ್ರ ಅಂದ್ರೆ ಪ್ರೇಕ್ಷಕರನ್ನ ಕುರ್ಚಿಯಲ್ಲಿ ಕೂರಿಸೋ ಉಪಾಯ ಅಷ್ಟೇ ಅನ್ನೋ ಹಾಗೆ ಹೇಳಿಕೊಟ್ಟರು. ತಂತ್ರ ಅದಕ್ಕಿಂತ ದೊಡ್ಡ ಕೆಲಸ ಮಾಡುತ್ತೆ. ಯಾರದು ತಪ್ಪು, ಯಾರಿಗೆ ಅನ್ಯಾಯ ಆಯ್ತು, ಯಾರ ಮಾತನ್ನ ನಾವು ನಂಬಬೇಕು ಅನ್ನೋದನ್ನ ನಮಗೆ ಗೊತ್ತಾಗದ ಹಾಗೆ ಅದೇ ತೀರ್ಮಾನ ಮಾಡಿಬಿಡುತ್ತೆ. ಇದು ನನಗೆ ಗೊತ್ತಾಗಿದ್ದು ಕ್ಲಾಸಲ್ಲಲ್ಲ, ನಮ್ಮ ತಾಲ್ಲೂಕಿನ ಈ ಇಬ್ಬರಿಂದ. ಆಮೇಲೆ ನಮ್ಮ ಮನೆಯಿಂದ.

ಮೊದಲು ಅಲ್ಲಮನನ್ನ ತಗೊಳ್ಳಿ. ಇವನ ಕತೆಯನ್ನ ಹರಿಹರ ರಗಳೆಯಲ್ಲಿ ಹೇಳಿದ್ದಾನೆ. ಅದಾಗಿ ಇನ್ನೂರು ವರ್ಷದ ಮೇಲೆ, ವಿಜಯನಗರದ ಕಾಲದಲ್ಲಿ, ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಹೇಳಿದ್ದಾನೆ. ಇಬ್ಬರಲ್ಲೂ ಅಲ್ಲಮ ಮದ್ದಳೆ ಬಾರಿಸೋ ಹುಡುಗ. ಇಬ್ಬರಲ್ಲೂ ಅವನ ಬದುಕಲ್ಲಿ ಒಬ್ಬಳು ಹೆಣ್ಣು ಬರ್ತಾಳೆ. ಅಲ್ಲಿಂದ ಮುಂದೆ ಇವೆರಡು ಬೇರೆ ಬೇರೆ ಸಿನಿಮಾ.

ಹರಿಹರನಲ್ಲಿ ಅವಳ ಹೆಸರು ಕಾಮಲತೆ. ಅಲ್ಲಮ ಅವಳನ್ನ ಪ್ರೀತಿಸ್ತಾನೆ, ಇಬ್ಬರೂ ಲೋಕ ಮರೆತು ಸುಖವಾಗಿ ಇರ್ತಾರೆ. ಇದ್ದಕ್ಕಿದ್ದ ಹಾಗೆ ಅವಳಿಗೆ ಜ್ವರ ಬಂದು ತೀರಿಕೊಳ್ತಾಳೆ. ಅಲ್ಲಮ ಹುಚ್ಚನ ಹಾಗೆ ಊರಾಚೆ ಅಲೀತಾನೆ. ಒಂದು ತೋಪಿನಲ್ಲಿ ಕೂತು ಕಾಲ್ಬೆರಳಿನ ಉಗುರಲ್ಲಿ ಸುಮ್ಮನೆ ನೆಲ ಕೆರೀತಾ ಇರುವಾಗ ಮಣ್ಣಿನಡಿ ಕಳಸ ಒಂದು ಕಾಣುತ್ತೆ. ಅಗೆಸಿದರೆ ಗುಡಿ, ಬಾಗಿಲು ತೆಗೆದರೆ ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣೆವೆ ಹಾಕದೆ ಕೂತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತೆ, ಕೊಟ್ಟವನ ಪ್ರಾಣ ಹೋಗುತ್ತೆ.

ಚಾಮರಸನಲ್ಲಿ ಆ ಹೆಣ್ಣಿನ ಹೆಸರು ಮಾಯೆ. ಕೈಲಾಸದಲ್ಲಿ ಶಿವ ಪಾರ್ವತಿಯರ ನಡುವೆ ಅಲ್ಲಮನನ್ನ ಯಾರಾದರೂ ಗೆಲ್ಲೋಕೆ ಆಗುತ್ತಾ ಅನ್ನೋ ಮಾತು ಬಂದು, ಪಾರ್ವತಿ ತನ್ನ ತಾಮಸ ಕಳೆಯನ್ನೇ ಭೂಮಿಗೆ ಕಳಿಸ್ತಾಳೆ. ಅದು ಬನವಾಸಿಯ ರಾಜ ಮಮಕಾರನ ಮಗಳಾಗಿ ಹುಟ್ಟುತ್ತೆ. ಅವಳು ಕುಣೀತಾಳೆ, ಇವನು ಮದ್ದಳೆ ಬಾರಿಸ್ತಾನೆ, ಅವಳು ಸೋಲ್ತಾಳೆ, ಇವನು ಸೋಲಲ್ಲ. ಕೈಗೆ ಸಿಗದೆ ಹೊರಟೇ ಹೋಗ್ತಾನೆ. ಮುಂದೆ ಊರಿಂದ ಊರಿಗೆ ಹೋಗ್ತಾ ಒಬ್ಬೊಬ್ಬರನ್ನ ಭೇಟಿ ಮಾಡ್ತಾನೆ: ಗೊಗ್ಗಯ್ಯ, ಮುಕ್ತಾಯಕ್ಕ, ಸಿದ್ಧರಾಮ, ಬಸವಣ್ಣ, ಗೋರಕ್ಷ. ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ರೋಡ್ ಮೂವಿ.

ವ್ಯತ್ಯಾಸ ಕತೆಯ ವಿವರದಲ್ಲಿದೆ ಅಂತ ಅನಿಸಬಹುದು. ನನಗೆ ಕಾಣೋದು ಬೇರೆ. ಹರಿಹರನದು ಕಳೆದುಕೊಳ್ಳೋದರ ಕತೆ, ಚಾಮರಸನದು ಪಂದ್ಯದ ಕತೆ. ಪಂದ್ಯದ ಕಟ್ಟು ಬಂದ ಕೂಡಲೇ ಇಬ್ಬರಲ್ಲಿ ಒಬ್ಬರು ಎದುರಾಳಿ ಆಗಲೇಬೇಕು. ಹಾಗಾಗಿ ಹರಿಹರನಲ್ಲಿ ಜ್ವರ ಬಂದು ಸತ್ತ ಪಾಪದ ಹುಡುಗಿ ಚಾಮರಸನಲ್ಲಿ ಸೋಲಲೇಬೇಕಾದ ಮಾಯೆ ಆಗಿಬಿಟ್ಟಳು. ಹೆಣ್ಣನ್ನ ಮಾಯೆ ಅಂತ ಕವಿ ಬಯ್ಯಬೇಕು ಅಂತಲೇ ಇಲ್ಲ, ಕತೆಯ ಅಸ್ಥಿಪಂಜರವೇ ಬಯ್ಯುತ್ತೆ. ಇನ್ನೂ ಒಂದು ಮಾತು. ಗೆದ್ದೇ ಗೆಲ್ತಾನೆ ಅಂತ ಮೊದಲ ದೃಶ್ಯದಲ್ಲೇ ಗೊತ್ತಿರೋ ಅಲ್ಲಮನ ಬಗ್ಗೆ ನಮಗೆ ಬರೋದು ಗೌರವ. ನೆಲ ಕೆರೀತಾ ಕೂತ ಅಲ್ಲಮನ ಬಗ್ಗೆ ಬರೋದು ಸಂಕಟ. ಎರಡೂ ದೊಡ್ಡ ಕಾವ್ಯಗಳೇ. ಚಾಮರಸನ ಭಾಮಿನಿ ಷಟ್ಪದಿಯ ಓಟ, ಆ ಭೇಟಿಗಳ ಮಾತಿನ ಚುರುಕು ಹರಿಹರನಲ್ಲಿ ಸಿಗಲ್ಲ. ಆದರೆ ಬ್ರೇಕಪ್ ಆಗಿ ಆರು ತಿಂಗಳು ರೂಮಿಂದ ಆಚೆ ಬರದ ಗೆಳೆಯನಿಗೆ ನಾನು ಯಾವ ಅಲ್ಲಮನ ಕತೆ ಹೇಳ್ತೀನಿ ಅಂದ್ರೆ, ಹರಿಹರನದನ್ನ.

ಈಗ ಅಕ್ಕ. ಇಲ್ಲಿ ಪಣಕ್ಕಿಟ್ಟಿದ್ದು ಇನ್ನೂ ಜಾಸ್ತಿ.

ಹರಿಹರ ಹೇಳೋದು ಹೀಗೆ. ಕೌಶಿಕ ರಾಜ ಆನೆ ಮೇಲೆ ಬರುವಾಗ ಮಹಾದೇವಿಯನ್ನ ನೋಡ್ತಾನೆ, ಮೋಹಕ್ಕೆ ಬೀಳ್ತಾನೆ. ಮಂತ್ರಿಗಳು ಮನೆಗೆ ಬರ್ತಾರೆ, ಅಪ್ಪ ಅಮ್ಮನಿಗೆ ಬೆದರಿಕೆ ಹಾಕ್ತಾರೆ. ಆಗ ಮಹಾದೇವಿ ಒಪ್ಪಿಕೊಳ್ತಾಳೆ, ಆದರೆ ಷರತ್ತು ಹಾಕಿ. ತನ್ನಿಷ್ಟ ಬಂದ ಹಾಗೆ ಲಿಂಗಪೂಜೆಯಲ್ಲಿ ಇರ್ತೀನಿ, ತನ್ನಿಷ್ಟ ಬಂದ ಹಾಗೆ ಶರಣರ ಜೊತೆ ಇರ್ತೀನಿ, ತನ್ನಿಷ್ಟ ಬಂದ ಹಾಗೆ ಗುರುವಿನ ಸೇವೆ ಮಾಡ್ತೀನಿ. ಮೂರು ಸಲ ತಪ್ಪಿದರೆ ಹೊರಟುಬಿಡ್ತೀನಿ. ಮದುವೆ ಆಗುತ್ತೆ. ರಾಜ ಒಂದೊಂದಾಗಿ ತಪ್ಪುತ್ತಾನೆ. ಮೂರನೆಯದು ಆದ ಮೇಲೆ ಅವಳು ಹೊರಡ್ತಾಳೆ, ಶ್ರೀಶೈಲದ ಕಡೆಗೆ.

ಇದನ್ನ ಸ್ಕ್ರಿಪ್ಟ್ ಅಂತ ನೋಡಿ. ರಾಜ ಬಲವಂತವಾಗಿ ಮದುವೆ ಆಗ್ತಾನೆ, ಹುಡುಗಿ ಹೇಗೆ ತಪ್ಪಿಸಿಕೊಳ್ತಾಳೆ ಅನ್ನೋದು ಮಾಮೂಲಿ ಕುತೂಹಲ. ಹರಿಹರ ಆ ಕುತೂಹಲವನ್ನ ತಿರುಗಿಸಿಬಿಟ್ಟ. ಷರತ್ತು ಹಾಕಿಸಿದ ಕೂಡಲೇ ನಾವು ಅವಳನ್ನ ನೋಡೋದು ಬಿಟ್ಟು ರಾಜನನ್ನ ನೋಡೋಕೆ ಶುರು ಮಾಡ್ತೀವಿ. ಒಂದಾಯ್ತು. ಎರಡಾಯ್ತು. ಇನ್ನೊಂದು ಯಾವಾಗ? ಎಣಿಸೋರು ನಾವು, ಪರೀಕ್ಷೆ ಅವನದು. ಅಜ್ಜಿ ಕತೆಗಳಲ್ಲಿ ಮೂರು ವರ, ಮೂರು ಶಾಪ, ಮೂರು ಬಾಗಿಲು ಇರುತ್ತಲ್ಲ, ಅದೇ ಹಳೇ ಮೂರರ ಲೆಕ್ಕ. ಆದರೆ ಇಲ್ಲಿ ಅದು ಮಾಡೋ ಕೆಲಸ ನೋಡಿ: ಅವಳು ಹೊರಟಾಗ ಅದು 'ಗಂಡನ ಮನೆ ಬಿಟ್ಟು ಬಂದಳು' ಆಗೋದೇ ಇಲ್ಲ. 'ಒಪ್ಪಂದ ಮುಗೀತು' ಅಂತ ಆಗುತ್ತೆ. ಅರಮನೆಯಿಂದ ಹೊರಗೆ ಕಾಲಿಡೋದು ಅದೇ ಹೆಣ್ಣು, ಅದೇ ಹೆಜ್ಜೆ. ಮೊದಲೇ ಒಂದು ಷರತ್ತಿನ ದೃಶ್ಯ ಇಟ್ಟಿದ್ದಕ್ಕೆ ಆ ಹೆಜ್ಜೆಯ ಅರ್ಥವೇ ಬೇರೆ ಆಯ್ತು.

ಮುಂದೆ ಬಂದ ಕವಿಗಳಿಗೆ ಈ ಮದುವೆ ಗಂಟಲಲ್ಲಿ ಸಿಕ್ಕಿಕೊಳ್ತು. ಚೆನ್ನಮಲ್ಲಿಕಾರ್ಜುನನೇ ಗಂಡ ಅಂದವಳಿಗೆ ಇನ್ನೊಬ್ಬ ಗಂಡನಾ? ಚಾಮರಸ ಮದುವೆಯನ್ನ ಒಪ್ಪಲಿಲ್ಲ. ಅವನಲ್ಲಿ ಅಕ್ಕ ಪಾರ್ವತಿಯ ಸಾತ್ವಿಕ ಕಳೆ. ತಾಮಸ ಕಳೆಯಾದ ಮಾಯೆ ಅಲ್ಲಮನ ಎದುರು ಸೋತ ಮೇಲೆ, ಸಾತ್ವಿಕ ಕಳೆ ಉಡುತಡಿಯಲ್ಲಿ ಹುಟ್ಟುತ್ತೆ. ಅಂದ್ರೆ ಅಕ್ಕ ಅಲ್ಲಮನ ಕತೆಯ ಸೆಕೆಂಡ್ ಹಾಫ್‌ನಲ್ಲಿ ಬರೋ ಉತ್ತರ. ಕಟ್ಟು ಅದ್ಭುತವಾಗಿದೆ, ಒಪ್ಪುತ್ತೀನಿ. ಒಂದೇ ದೇವಿಯ ಎರಡು ಮುಖ, ಒಂದು ಸೋಲುತ್ತೆ, ಇನ್ನೊಂದು ದಾರಿ ಕಾಣುತ್ತೆ. ಆದರೆ ಸಮಸ್ಯೆ ಏನಂದ್ರೆ, ಸಾತ್ವಿಕ ಕಳೆ ತಪ್ಪು ಮಾಡೋ ಹಾಗಿಲ್ಲ, ಹೆದರೋ ಹಾಗಿಲ್ಲ, ಅಪ್ಪ ಅಮ್ಮನ ಮುಖ ನೋಡಿ ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳೋ ಹಾಗಿಲ್ಲ. ಅವಳ ಹೆಸರು ಉಳಿಸೋಕೆ ಹೊರಟವರು ಅವಳ ಕಷ್ಟದ ಆಯ್ಕೆಯನ್ನ ಹಗುರ ಮಾಡಿಬಿಟ್ಟರು.

ಹರಿಹರನಲ್ಲೂ ಕೈಲಾಸದ ಪೀಠಿಕೆ ಇದೆ, ಶಾಪ ಇದೆ ಅಂತ ತಿಳಿದವರು ಹೇಳಬಹುದು. ಹೌದು, ಇದೆ. ಆದರೆ ಅವನು ಭೂಮಿಗೆ ಇಳಿದ ಮೇಲೆ ಕೈಲಾಸವನ್ನ ಬಹಳ ಹೊತ್ತು ಮರೆತುಬಿಡ್ತಾನೆ. ಉಡುತಡಿಯ ಬೀದಿ, ಮನೆಯ ಬಾಗಿಲು, ಹೆದರಿದ ಅಪ್ಪ ಅಮ್ಮ, ಇವೇ ಕಣ್ಣಿಗೆ ಕಟ್ಟುತ್ತವೆ. ಪೀಠಿಕೆ ಇರೋದು ದೋಷ ಅಲ್ಲ. ಅದು ಮುಂದಿನ ಪ್ರತಿ ದೃಶ್ಯದ ಮೇಲೂ ನೆರಳು ಹಾಕುತ್ತಾ, ಇಲ್ಲವಾ ಅನ್ನೋದು ಪ್ರಶ್ನೆ.

ಮೂರನೇ ಕತೆಗಾರರು ಇದ್ದಾರೆ. ಇವರು ಹೊಸದಾಗಿ ಕತೆ ಕಟ್ಟಲಿಲ್ಲ, ಎಡಿಟಿಂಗ್ ಮಾಡಿದರು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ 'ಶೂನ್ಯಸಂಪಾದನೆ' ಮಾಡಿದ. ಅವನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನೇ ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ಇವರ ಕೈಯಲ್ಲಿ ಇದ್ದಿದ್ದು ವಚನಗಳು. ವಚನ ಬಿಡಿ ಬಿಡಿ. ಯಾವುದು ಮೊದಲು, ಯಾವುದು ಆಮೇಲೆ, ಯಾರಿಗೆ ಹೇಳಿದ್ದು ಅನ್ನೋದು ವಚನದ ಮೇಲೆ ಬರೆದಿರಲ್ಲ. ಇವರು ಅಲ್ಲಮನ ಒಂದು ವಚನ ತಂದು ಇಟ್ಟರು, ಅದರ ಪಕ್ಕ ಅಕ್ಕನ ಒಂದು ವಚನ ಇಟ್ಟರು, ನಡುವೆ ಎರಡು ಸಾಲು ಗದ್ಯದ ಅಂಟು ಹಾಕಿದರು. ಕೂಡಲೇ ಅದು ಪ್ರಶ್ನೆ ಮತ್ತು ಉತ್ತರ ಆಯ್ತು. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನ ನಿನ್ನ ಗಂಡ ಯಾರು ಅಂತ ಕೇಳೋದು, ಬಟ್ಟೆ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಅಂತ ಕೇಳೋದು, ಅವಳು ಒಂದಿಷ್ಟೂ ಅಳುಕದೆ ಉತ್ತರ ಕೊಡೋದು, ಕನ್ನಡದ ಅತಿ ದೊಡ್ಡ ನಾಟಕೀಯ ದೃಶ್ಯ ಅಂತ ನಾವು ನೆನಪಿಟ್ಟುಕೊಂಡಿರೋದು ಈ ಎಡಿಟಿಂಗ್ ಟೇಬಲ್ ಮೇಲೆ ಆದದ್ದು.

ಸಿನಿಮಾದವರಿಗೆ ಇದು ಗೊತ್ತು. ಹೆಚ್ಚು ಕಮ್ಮಿ ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನ ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಒಬ್ಬ ಹೆಣ್ಣಿನ ಪಕ್ಕ ಅಂಟಿಸಿದನಂತೆ. ನೋಡಿದ ಜನ ಒಮ್ಮೆ ಹಸಿವು, ಒಮ್ಮೆ ದುಃಖ, ಒಮ್ಮೆ ಆಸೆ ಕಂಡರಂತೆ. ಮುಖ ಬದಲಾಗಿರಲಿಲ್ಲ, ಪಕ್ಕದಲ್ಲಿರೋದು ಬದಲಾಗಿತ್ತು. ಶೂನ್ಯಸಂಪಾದನೆಯವರು ಇದನ್ನ ಐನೂರು ವರ್ಷ ಮುಂಚೆ ಕನ್ನಡದಲ್ಲಿ ಮಾಡಿ ಮುಗಿಸಿದ್ದರು. ಹೆಮ್ಮೆ ಪಡೋದು ಸರಿ. ಜೊತೆಗೆ ಒಂದು ಎಚ್ಚರ ಕೂಡ ಬೇಕು. ಒಬ್ಬಳೇ ಕೂತು ತನ್ನ ದೇವರಿಗೆ ಹೇಳಿಕೊಂಡಿರಬಹುದಾದ ಮಾತು ಈ ಜೋಡಣೆಯಲ್ಲಿ ಗಂಡಸರ ಸಭೆಗೆ ಕೊಟ್ಟ ಸಮಜಾಯಿಷಿ ಆಗುತ್ತೆ. ಹರಿಹರನ ರಗಳೆಯಲ್ಲಿ ಅಕ್ಕ ಕಲ್ಯಾಣದ ಆ ಪರೀಕ್ಷೆಗೆ ಕೂರೋದಿಲ್ಲ, ಅವಳ ದಾರಿ ಶ್ರೀಶೈಲಕ್ಕೆ. ಅಲ್ಲಿ ಪರೀಕ್ಷೆ ಕೊಟ್ಟವನು ರಾಜ, ಫೇಲಾದವನೂ ರಾಜ. ಶೂನ್ಯಸಂಪಾದನೆಯಲ್ಲಿ ಪರೀಕ್ಷೆ ಕೊಟ್ಟವಳು ಅಕ್ಕ. ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು, ನಿಜ. ಆದರೂ ಪರೀಕ್ಷೆ ಅವಳಿಗೆ ಯಾಕೆ ಅನ್ನೋ ಪ್ರಶ್ನೆ ಉಳಿಯುತ್ತೆ.

ಎಲ್ಲಿಂದ ಶುರು, ಹೇಗೆ ಜೋಡಣೆ ಅನ್ನೋದು ಆಯ್ತು. ಇನ್ನೊಂದು ಇದೆ: ಯಾರ ಕಣ್ಣು?

ನಮ್ಮ ಜಿಲ್ಲೆಯವರೇ ಆದ ಅನಂತಮೂರ್ತಿಯವರ ಕತೆ 'ಘಟಶ್ರಾದ್ಧ'ವನ್ನ, ನಮ್ಮ ಜಿಲ್ಲೆಯವರೇ ಆದ ಗಿರೀಶ್ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದರು. ಅದು ಅವರ ಮೊದಲ ಸಿನಿಮಾ, ಸ್ವರ್ಣಕಮಲ ಬಂತು. ಉಡುಪರ ವೇದಪಾಠಶಾಲೆಗೆ ಓದೋಕೆ ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಅವನಿಗೆ ಆಸರೆಯಾದ ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಬಸುರಿ ಆಗ್ತಾಳೆ, ಊರಿಗೆ ಗೊತ್ತಾಗುತ್ತೆ, ಅಪ್ಪನೇ ಬದುಕಿರೋ ಮಗಳಿಗೆ ಶ್ರಾದ್ಧ ಮಾಡ್ತಾನೆ. ನಾವು ಇದನ್ನೆಲ್ಲ ನೋಡೋದು ನಾಣಿಯ ಎತ್ತರದಿಂದ. ಅವನಿಗೆ ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಯಮುನಕ್ಕನ ಮನಸ್ಸಲ್ಲಿ ಏನಿತ್ತು, ಆ ಮೇಷ್ಟ್ರ ಜೊತೆ ಅವಳಿಗೆ ಏನು ಮಾತಾಗಿತ್ತು, ನಮಗೂ ಪೂರ್ತಿ ಗೊತ್ತಾಗಲ್ಲ. ಸಿನಿಮಾ ಅವನು ಬರೋದರಿಂದ ಶುರುವಾಗಿ ಅವನು ಹೋಗೋದರಲ್ಲಿ ಮುಗಿಯುತ್ತೆ. ಅಪ್ಪನ ಜೊತೆ ಊರಿಗೆ ಹೊರಟ ನಾಣಿಗೆ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕ ಕಾಣ್ತಾಳೆ. ಅಷ್ಟೇ. ಮುಂದೆ ಏನಾಯ್ತು ಅಂತ ಸಿನಿಮಾ ಹೇಳಲ್ಲ, ಯಾಕಂದ್ರೆ ನಾಣಿಗೆ ಗೊತ್ತಿಲ್ಲ. ಆ 'ಗೊತ್ತಿಲ್ಲ' ಅನ್ನೋದನ್ನ ಕಾಸರವಳ್ಳಿ ಮುಚ್ಚಿಡಲಿಲ್ಲ. ಅದಕ್ಕೇ ಆ ಕೊನೆಯ ದೃಶ್ಯ ನೋಡಿದವರನ್ನ ಬಿಡೋದಿಲ್ಲ.

2014ರಲ್ಲಿ ಬಂದ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಇದನ್ನೇ ಹೆಸರಲ್ಲೇ ಇಟ್ಟುಕೊಂಡು ಬಂತು. ಮಲ್ಪೆಯಲ್ಲಿ ಅಷ್ಟಮಿ ಹೊತ್ತಿಗೆ ನಡೆದ ಒಂದು ಘಟನೆ, ರೆಜಿನಾ ಅನ್ನೋ ಪತ್ರಕರ್ತೆ ಅದನ್ನ ಒಬ್ಬೊಬ್ಬರಿಂದ ಕೇಳಿ ಕೂಡಿಸೋದು. ಕುರೊಸಾವಾ 1950ರಲ್ಲಿ 'ರಾಶೊಮಾನ್' ಮಾಡಿದ ಮೇಲೆ ಈ ತಂತ್ರ ಹೊಸದಲ್ಲ. ಆದರೆ ಆ ಕನ್ನಡ ಹೆಸರು ಎಷ್ಟು ಪ್ರಾಮಾಣಿಕ ನೋಡಿ: ಇದು ನಡೆದಂತೆ ಅಲ್ಲ, ಉಳಿದವರು ಕಂಡಂತೆ. ನಮ್ಮ ಮನೆಗಳಲ್ಲಿ ಹೇಳೋ ಎಲ್ಲ ಕತೆಗೂ ಈ ಹೆಸರನ್ನೇ ಇಡಬಹುದು.

ಮನೆ ಅಂದೆನಲ್ಲ, ಇಷ್ಟೆಲ್ಲ ಬರೆಯೋಕೆ ಕಾರಣ ಅಲ್ಲಿದೆ.

ನನ್ನ ಅತ್ತೆ, ಅಪ್ಪನ ತಂಗಿ, ನಾನು ಎರಡನೇ ಕ್ಲಾಸಲ್ಲಿ ಇದ್ದಾಗಿಂದ ನಮ್ಮ ಮನೆಯಲ್ಲೇ ಇದ್ದಾರೆ. ಅವರ ಕತೆ ನಮ್ಮನೇಲಿ ಯಾವಾಗ ಹೇಳಿದ್ರೂ ಒಂದೇ ಥರ ಶುರುವಾಗುತ್ತೆ: "ಅವತ್ತು ಸಂಜೆ ಕೊನೇ ಬಸ್ಸಿಗೆ ಒಂದು ಬ್ಯಾಗ್ ಹಿಡ್ಕೊಂಡು ಬಂದ್ಬಿಟ್ಲು ನೋಡಪ್ಪ." ಅಜ್ಜಿ ಹೀಗೇ ಹೇಳ್ತಿದ್ದರು, ಅಪ್ಪ ಹೀಗೇ ಹೇಳ್ತಾರೆ. ನಾನೂ ಫ್ರೆಂಡ್ಸ್ ಹತ್ರ ಹೀಗೇ ಹೇಳಿದ್ದೀನಿ, ಯಾಕಂದ್ರೆ ಅವರು ಬಸ್ ಇಳಿದಿದ್ದನ್ನ ನಾನೇ ನೋಡಿದ್ದೆ. ಗೋಲಿ ಆಡ್ತಾ ಇದ್ದೆ. ಯಾರೂ ಅತ್ತೆಗೆ ಕೆಟ್ಟ ಮಾತು ಆಡಿಲ್ಲ, ಅನ್ನ ಹಾಕಿದ್ದಾರೆ, ಚೆನ್ನಾಗೇ ನೋಡ್ಕೊಂಡಿದ್ದಾರೆ. ಆದರೆ ಬಸ್ಸಿಂದ ಶುರುವಾದ ಕತೆಯಲ್ಲಿ ಅತ್ತೆ ಯಾವತ್ತೂ 'ಬಂದುಬಿಟ್ಟವಳು'. ಮುಂದಿನ ಎಲ್ಲ ದೃಶ್ಯದಲ್ಲೂ ಉಳಿದವರದು ಔದಾರ್ಯ, ಅವರದು ಋಣ.

ಕಳೆದ ಸಲ ಊರಿಗೆ ಹೋದಾಗ, ಡ್ಯಾಮ್ ಹತ್ರ ಸಂಜೆ ವಾಕಿಂಗ್ ಹೋಗಿದ್ವಿ. ಸ್ಕ್ರಿಪ್ಟ್ ಕ್ಲಾಸಿನ ಬಗ್ಗೆ, ಅಕ್ಕನ ಮೂರು ಷರತ್ತಿನ ಬಗ್ಗೆ ನಾನು ಉತ್ಸಾಹದಲ್ಲಿ ಹೇಳ್ತಾ ಇದ್ದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಟಿಸಿಎಚ್ ಓದಿಸ್ತೀವಿ ಅಂತ ಮಾತು ಕೊಟ್ಟಿದ್ರು ಕಣೋ, ಮದುವೆಗೆ ಮುಂಚೆ" ಅಂದರು. ಅಪ್ಪನ ಮುಂದೆ, ಅಜ್ಜನ ಮುಂದೆ ಕೊಟ್ಟ ಮಾತಂತೆ. ಅರ್ಜಿ ತುಂಬಿಸೋ ಟೈಮ್ ಬಂದಾಗ ಮುಂದಿನ ವರ್ಷ ಅಂದರಂತೆ. ಮುಂದಿನ ವರ್ಷ ಇನ್ನೊಂದು ನೆಪ. ಆಮೇಲೆ ಮಾರ್ಕ್ಸ್ ಕಾರ್ಡೇ ಕಾಣೆ. "ನೀನು ನೋಡಿದ್ದು ಬಸ್ ಇಳಿದಿದ್ದು. ಬಸ್ ಹತ್ತೋದಕ್ಕೆ ನಂಗೆ ನಾಲ್ಕು ವರ್ಷ ಹಿಡೀತು."

ನಾನು ಇಪ್ಪತ್ತೈದು ವರ್ಷದಿಂದ ಅವರ ಜೊತೆ ಒಂದೇ ಮನೇಲಿ ಊಟ ಮಾಡಿದವನು. ಹರಿಹರನ ಷರತ್ತು ಎಷ್ಟು ಚೆಂದದ ತಂತ್ರ ಅಂತ ವಿವರಿಸ್ತಾ ಇದ್ದವನು. ನಮ್ಮ ಮನೆಯ ಕತೆಯಿಂದ ಷರತ್ತಿನ ದೃಶ್ಯವನ್ನೇ ಕತ್ತರಿಸಿ ಹಾಕಿದ್ದಾರೆ ಅಂತ ನನಗೆ ಹೊಳೆದಿರಲೇ ಇಲ್ಲ. ಕತ್ತರಿಸಿದವರು ಕೆಟ್ಟವರಲ್ಲ. ಅಪ್ಪನಿಗೆ ತನ್ನ ಮುಂದೆ ಕೊಟ್ಟ ಮಾತನ್ನ ಕೇಳಿ ಪಡೆಯೋಕೆ ಆಗಲಿಲ್ಲ ಅನ್ನೋ ಸಂಕಟ ಇದ್ದಿರಬೇಕು. ಆ ದೃಶ್ಯ ಇದ್ದರೆ ಅದರಲ್ಲಿ ಅವರೂ ಇರ್ತಾರೆ. ಬಸ್ಸಿಂದ ಶುರು ಮಾಡಿದರೆ ಇರಲ್ಲ.

ಹಾಗಾದ್ರೆ ಎಲ್ಲ ಕತೆನೂ ಎಡಿಟಿಂಗ್ ಆಟ, ಸತ್ಯ ಅನ್ನೋದು ಇಲ್ಲವೇ ಇಲ್ಲ ಅಂತೀರಾ ಅಂತ ಕೇಳಬಹುದು. ನಾನು ಹಾಗೆ ಹೇಳಲಾರೆ. ಹಾಗೆ ಅಂದರೆ ಅತ್ತೆಯ ಟಿಸಿಎಚ್ ಕೂಡ ಒಂದು 'ವರ್ಷನ್' ಅಷ್ಟೇ ಆಗಿಬಿಡುತ್ತೆ. ಮಾತು ಕೊಟ್ಟಿದ್ದು ನಿಜ, ಮುರಿದಿದ್ದು ನಿಜ. ಕತೆಯ ಕಟ್ಟು ಸತ್ಯವನ್ನ ಹುಟ್ಟಿಸೋದಿಲ್ಲ, ಯಾವ ಸತ್ಯ ಒಳಗೆ ಬರಬಹುದು ಅಂತ ಬಾಗಿಲಲ್ಲಿ ನಿಂತು ನೋಡುತ್ತೆ. ಒಳ್ಳೆ ಕತೆಗಾರ ಬಾಗಿಲನ್ನ ಅಗಲ ಮಾಡ್ತಾನೆ, ಇಲ್ಲವೇ ಕಾಸರವಳ್ಳಿಯವರ ಹಾಗೆ, ನನ್ನ ಬಾಗಿಲು ಇಷ್ಟೇ ಅಂತ ತೋರಿಸಿಯೇ ಬಿಡ್ತಾನೆ. ಕೆಟ್ಟ ಕತೆಗಾರ ಬಾಗಿಲೇ ಇಲ್ಲ ಅನ್ನೋ ಹಾಗೆ ನಡ್ಕೊಳ್ತಾನೆ.

ಅದಕ್ಕೇ ಈಗ ಸಿನಿಮಾ ನೋಡುವಾಗ ಟ್ವಿಸ್ಟಿಗೆ ಕಾಯೋದನ್ನ ಕಮ್ಮಿ ಮಾಡಿದ್ದೀನಿ. ಮೊದಲ ಹತ್ತು ನಿಮಿಷ ಗಮನ ಕೊಟ್ಟು ನೋಡ್ತೀನಿ. ಎಲ್ಲಿಂದ ಶುರು ಮಾಡಿದರು? ಅದಕ್ಕಿಂತ ಒಂದು ದಿನ ಮುಂಚೆಯಿಂದ ಶುರು ಮಾಡಿದ್ದರೆ ಈ ವಿಲನ್ ವಿಲನ್ನೇ ಆಗಿರ್ತಿದ್ದನಾ? ಯಾರ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇಟ್ಟಿದ್ದಾರೆ? ಯಾರ ಮಾತಿನ ಪಕ್ಕ ಯಾರ ಮುಖ ಅಂಟಿಸಿದ್ದಾರೆ? ಪ್ರತಿ ಸಲ ಉತ್ತರ ಸಿಗುತ್ತೆ ಅಂತಲ್ಲ. ಕೇಳಿಕೊಂಡರೆ ಸಿನಿಮಾದ ರುಚಿ ಏನೂ ಕೆಡಲ್ಲ, ಇದು ನನ್ನ ಅನುಭವ.

ನನ್ನ ಕಿರುಚಿತ್ರ ಇನ್ನೂ ಆಗಿಲ್ಲ, ಆಗುತ್ತೋ ಇಲ್ವೋ ಗೊತ್ತಿಲ್ಲ. ಆದರೆ ಹೋದ ತಿಂಗಳು ಮನೇಲಿ ಒಂದು ಸಣ್ಣ ಕಾರ್ಯಕ್ರಮ ಇತ್ತು. ಹೊಸದಾಗಿ ಬಂದ ನೆಂಟರೊಬ್ಬರು ಅತ್ತೆ ಬಗ್ಗೆ ವಿಚಾರಿಸಿದರು. ಅಪ್ಪ ಅಭ್ಯಾಸದ ಮೇಲೆ, "ಅವತ್ತು ಸಂಜೆ ಕೊನೇ ಬಸ್ಸಿಗೆ..." ಅಂತ ಶುರು ಮಾಡಿದರು. ನಾನು ಊಟ ಬಡಿಸ್ತಾ ಇದ್ದವನು ಸಾರಿನ ಸೌಟು ಹಿಡಿದುಕೊಂಡೇ, "ಅಪ್ಪ, ಅದಕ್ಕಿಂತ ಮುಂಚೆ ಟಿಸಿಎಚ್ ವಿಷಯ ಇತ್ತಲ್ಲ, ಅಲ್ಲಿಂದ ಹೇಳಿ" ಅಂದೆ.

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅತ್ತೆ ಇದ್ದ ಕಡೆ ನೋಡಿದರು. ಆಮೇಲೆ, ನಿಧಾನವಾಗಿ, ಅಲ್ಲಿಂದಲೇ ಶುರು ಮಾಡಿದರು.